ಪಾಠ ಮಾಡಿದ್ದು ಪೇಪರ್ ಆಗುವುದು ಹೇಗೆ? ಉನ್ನತ ಶಿಕ್ಷಣದ ಜರ್ನಲ್‌ಗಳ ಒಳಗಿನ ಲೆಕ್ಕಾಚಾರ

ಪದವಿ ಕಾಲೇಜಿನ ಅಧ್ಯಾಪಕರನ್ನು ಸಂಶೋಧನೆಯ ಬಗ್ಗೆ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಲ್ಯಾಬ್ ಇಲ್ಲ, ಅನುದಾನ ಇಲ್ಲ, ವಾರಕ್ಕೆ 16 ಗಂಟೆ ಪಾಠ, ಅದರ ಮೇಲೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ. ಇದೆಲ್ಲ ನಿಜವೇ. ಆದರೆ ಅದೇ ಅಧ್ಯಾಪಕರ ಮುಂದೆ ಪ್ರತಿವರ್ಷ ನೂರಾರು ವಿದ್ಯಾರ್ಥಿಗಳು ಕೂರುತ್ತಾರೆ. ಅವರು ಹೇಗೆ ಕಲಿಯುತ್ತಾರೆ, ಎಲ್ಲಿ ಎಡವುತ್ತಾರೆ, ಯಾಕೆ ಕಾಲೇಜು ಬಿಡುತ್ತಾರೆ ಎಂಬುದನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡ ಜರ್ನಲ್‌ಗಳು ಜಗತ್ತಿನಲ್ಲಿ ಬಹಳಷ್ಟಿವೆ. ಹಳೆಯವುಗಳಲ್ಲಿ ಒಂದಾದ ‘ಜರ್ನಲ್ ಆಫ್ ಹೈಯರ್ ಎಜುಕೇಶನ್’ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಹೊರಟದ್ದು 1930ರಲ್ಲಿ. ನಮ್ಮ ಕಾಲೇಜುಗಳಲ್ಲಿ ಇವುಗಳ ಹೆಸರು ಕೇಳಿಬರುವುದು ಕಡಿಮೆ. ಪ್ರಮೋಷನ್ ಕಡತ ತುಂಬಬೇಕಾದ ತಿಂಗಳಲ್ಲಿ ಕೇಳಿಬರುವ ಹೆಸರುಗಳೇ ಬೇರೆ, ಅವುಗಳ ವಿಚಾರ ಆಮೇಲೆ.

ಪಾಠವೂ ವಿದ್ವತ್ತಿನ ಕೆಲಸವೇ ಎಂಬ ವಾದಕ್ಕೆ ಬಲ ಬಂದದ್ದು 1990ರಲ್ಲಿ. ಅಮೆರಿಕದ ಕಾರ್ನೆಗಿ ಪ್ರತಿಷ್ಠಾನದ ಅಧ್ಯಕ್ಷರಾಗಿದ್ದ ಅರ್ನೆಸ್ಟ್ ಬೋಯರ್ ಆ ವರ್ಷ ಹೊರತಂದ ವರದಿಯಲ್ಲಿ ವಿದ್ವತ್ತನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಹೊಸದನ್ನು ಕಂಡುಹಿಡಿಯುವುದು, ಬೇರೆ ಬೇರೆ ಶಾಸ್ತ್ರಗಳನ್ನು ಬೆಸೆಯುವುದು, ತಿಳಿದದ್ದನ್ನು ಬಳಕೆಗೆ ತರುವುದು, ಮತ್ತು ಬೋಧನೆ. ಆಮೇಲಿನ ವರ್ಷಗಳಲ್ಲಿ ಅಧ್ಯಾಪಕರೇ ತಮ್ಮ ತರಗತಿಯನ್ನು ಅಧ್ಯಯನ ಮಾಡಿ ಬರೆಯುವ ಪದ್ಧತಿ ಬೆಳೆಯಿತು, ಅದಕ್ಕಾಗಿಯೇ ಹೊಸ ಜರ್ನಲ್‌ಗಳೂ ಹುಟ್ಟಿಕೊಂಡವು.

ಎಲ್ಲ ಜರ್ನಲ್‌ಗೂ ಒಂದೇ ಲೇಖನ ಹೊಂದುವುದಿಲ್ಲ

ಮೊದಲ ಸಲ ಬರೆಯುವವರು ಲೇಖನ ಮುಗಿಸಿ, ಆಮೇಲೆ ಜರ್ನಲ್ ಹುಡುಕುತ್ತಾರೆ. ಕ್ರಮ ತಿರುಗಬೇಕು. ಪ್ರತಿ ಜರ್ನಲ್ಲಿಗೂ ತನ್ನದೇ ಓದುಗ ಬಳಗವಿದೆ, ಅದು ಹತ್ತಾರು ವರ್ಷಗಳಿಂದ ಚರ್ಚಿಸುತ್ತ ಬಂದ ಪ್ರಶ್ನೆಗಳಿವೆ. ಆ ಚರ್ಚೆಯಲ್ಲಿ ನಿಮ್ಮ ಮಾತು ಎಲ್ಲಿ ಸೇರುತ್ತದೆ ಎಂದು ಗೊತ್ತಿಲ್ಲದೆ ಕಳಿಸಿದರೆ ಸಂಪಾದಕರು ವಿಷಯ ಬಲ್ಲ ಇತರ ವಿದ್ವಾಂಸರ ಪರಿಶೀಲನೆಗೂ ಕಳಿಸದೆ ವಾಪಸ್ ಮಾಡುತ್ತಾರೆ. ಡೆಸ್ಕ್ ರಿಜೆಕ್ಷನ್ ಎನ್ನುವುದು ಇದನ್ನೇ.

1972ರಲ್ಲಿ ಶುರುವಾಗಿ ಈಗ ಸ್ಪ್ರಿಂಗರ್ ತರುತ್ತಿರುವ ‘ಹೈಯರ್ ಎಜುಕೇಶನ್’, ಬ್ರಿಟನ್ನಿನಲ್ಲಿ 1976ರಲ್ಲಿ ಶುರುವಾದ ‘ಸ್ಟಡೀಸ್ ಇನ್ ಹೈಯರ್ ಎಜುಕೇಶನ್’ ಇವು ವಿಶ್ವವಿದ್ಯಾಲಯ ವ್ಯವಸ್ಥೆ, ನೀತಿ, ಪ್ರವೇಶ, ಅಸಮಾನತೆ, ಅಧ್ಯಾಪಕರ ವೃತ್ತಿಬದುಕು ಮುಂತಾದ ದೊಡ್ಡ ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತವೆ. ‘ರಿಸರ್ಚ್ ಇನ್ ಹೈಯರ್ ಎಜುಕೇಶನ್’ ಹೆಚ್ಚಾಗಿ ಅಂಕಿಅಂಶದ ದಾರಿಯದು, ಅದರ ಲೇಖನಗಳಲ್ಲಿ ಅಮೆರಿಕದ ದತ್ತಾಂಶವೇ ಅಧಿಕ. ಬೋಧನೆಗೆ ಹತ್ತಿರದವು ಬೇರೆ ಇವೆ. ‘ಟೀಚಿಂಗ್ ಇನ್ ಹೈಯರ್ ಎಜುಕೇಶನ್’ 1996ರಿಂದ ಬರುತ್ತಿದೆ. ಬೋಧನೆಯ ಹಿಂದಿನ ಊಹೆಗಳನ್ನೇ ಪ್ರಶ್ನಿಸುವ ಲೇಖನ ಅದಕ್ಕೆ ಬೇಕು, ‘ಈ ವಿಧಾನ ಬಳಸಿದೆ, ಚೆನ್ನಾಗಿತ್ತು’ ಎಂಬ ವರದಿ ಬೇಡ. ಪರೀಕ್ಷೆ, ಅಂಕ, ಹಿಮ್ಮಾಹಿತಿಯ ವಿಚಾರವಾದರೆ ‘ಅಸೆಸ್‌ಮೆಂಟ್ ಅಂಡ್ ಇವ್ಯಾಲ್ಯುಯೇಶನ್ ಇನ್ ಹೈಯರ್ ಎಜುಕೇಶನ್’. ಗುಂಪು ಚರ್ಚೆ, ಪ್ರಾಜೆಕ್ಟ್, ಚಟುವಟಿಕೆಯ ಕಲಿಕೆಯಾದರೆ ‘ಆಕ್ಟಿವ್ ಲರ್ನಿಂಗ್ ಇನ್ ಹೈಯರ್ ಎಜುಕೇಶನ್’. ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಕಡೆಯ ಹರ್ಡ್ಸಾ ಸಂಘದ ‘ಹೈಯರ್ ಎಜುಕೇಶನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್’ ನೀತಿ, ಬೋಧನೆ ಎರಡರ ನಡುವೆ ನಿಲ್ಲುತ್ತದೆ.

ವಿಜ್ಞಾನದವರು ಇಷ್ಟು ದೂರ ಹೋಗಬೇಕಿಲ್ಲ. ರಸಾಯನಶಾಸ್ತ್ರದ ಬೋಧನೆಗೆಂದೇ ‘ಜರ್ನಲ್ ಆಫ್ ಕೆಮಿಕಲ್ ಎಜುಕೇಶನ್’ 1924ರಿಂದ ಇದೆ. ಭೌತಶಾಸ್ತ್ರಕ್ಕೆ ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’, ಜೀವವಿಜ್ಞಾನಕ್ಕೆ ‘ಸಿಬಿಇ ಲೈಫ್ ಸೈನ್ಸಸ್ ಎಜುಕೇಶನ್’ ಇವೆ. ವಿಷಯಜ್ಞಾನ ಗಟ್ಟಿಯಿದ್ದು ಶಿಕ್ಷಣಶಾಸ್ತ್ರದ ಪರಿಭಾಷೆ ಪರಿಚಯವಿಲ್ಲದವರಿಗೆ ಈ ದಾರಿ ಸುಲಭ ಎಂಬುದು ನಮ್ಮ ಅಭಿಪ್ರಾಯ.

ಭಾರತದಲ್ಲಿ ಶಿಕ್ಷಣದ ಯೋಜನೆ ಮತ್ತು ಆಡಳಿತವನ್ನು ಅಧ್ಯಯನ ಮಾಡುವ ದೆಹಲಿಯ ನೀಪಾ ಸಂಸ್ಥೆಯ ‘ಜರ್ನಲ್ ಆಫ್ ಎಜುಕೇಶನಲ್ ಪ್ಲಾನಿಂಗ್ ಅಂಡ್ ಅಡ್ಮಿನಿಸ್ಟ್ರೇಶನ್’, ಕೇರಳ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನ ‘ಹೈಯರ್ ಎಜುಕೇಶನ್ ಫಾರ್ ದ ಫ್ಯೂಚರ್’, ಎಂಜಿನಿಯರಿಂಗ್ ಅಧ್ಯಾಪಕರಿಗೆ ಮಹಾರಾಷ್ಟ್ರದ ರಾಜಾರಾಮ್‌ಬಾಪು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಹೊರತರುವ ‘ಜರ್ನಲ್ ಆಫ್ ಎಂಜಿನಿಯರಿಂಗ್ ಎಜುಕೇಶನ್ ಟ್ರಾನ್ಸ್‌ಫಾರ್ಮೇಶನ್ಸ್’ ಇವೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ‘ಯೂನಿವರ್ಸಿಟಿ ನ್ಯೂಸ್’ ವಾರಪತ್ರಿಕೆ. ಅಭಿಪ್ರಾಯ ಮತ್ತು ಚರ್ಚೆಯ ಬರಹಕ್ಕೆ ಅದು ಒಳ್ಳೆಯ ಜಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ತರುತ್ತಿರುವ ‘ರೆಸೊನೆನ್ಸ್’ ಇನ್ನೊಂದು ಬಗೆ. ಅದು ಕಲಿಕೆಯ ಸಂಶೋಧನೆಯ ಜರ್ನಲ್ ಅಲ್ಲ, ಪದವಿ ಮಟ್ಟದಲ್ಲಿ ವಿಜ್ಞಾನವನ್ನು ಚೆನ್ನಾಗಿ ವಿವರಿಸುವ ಪತ್ರಿಕೆ. ಹೊಸ ಪ್ರಯೋಗವನ್ನೋ ಪರಿಕಲ್ಪನೆಯನ್ನು ಹೇಳಿಕೊಡುವ ಹೊಸ ಬಗೆಯನ್ನೋ ಬರೆಯುವುದಿದ್ದರೆ ಅದರ ‘ಕ್ಲಾಸ್‌ರೂಮ್’ ವಿಭಾಗ ನೋಡಬೇಕು.

ಆರಿಸುವ ಉಪಾಯ ಸರಳ. ನಿಮ್ಮ ವಿಷಯಕ್ಕೆ ಹತ್ತಿರದ ಎಂಟು–ಹತ್ತು ಒಳ್ಳೆಯ ಲೇಖನ ಹುಡುಕಿ, ಅವುಗಳ ಕೊನೆಯ ಉಲ್ಲೇಖಪಟ್ಟಿಯಲ್ಲಿ ಯಾವ ಜರ್ನಲ್ ಹೆಸರು ಮತ್ತೆ ಮತ್ತೆ ಬರುತ್ತದೆ ಎಂದು ಎಣಿಸಿ. ಮೊದಲ ಮೂರು ಹೆಸರುಗಳಲ್ಲಿ ನಿಮ್ಮದು ಇರುತ್ತದೆ. ಆ ಜರ್ನಲ್ಲಿನ ಕಳೆದ ಎರಡು ವರ್ಷದ ಸಾರಾಂಶಗಳನ್ನಷ್ಟೇ ಓದಿದರೂ ಅದರ ಧಾಟಿ ಸಿಕ್ಕಿಬಿಡುತ್ತದೆ.

ಓದಲು ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಈಗ ಅರ್ಧ ಉತ್ತರವಿದೆ. ಜರ್ನಲ್‌ಗಳ ಚಂದಾವನ್ನು ಸಂಸ್ಥೆಗಳ ಪರವಾಗಿ ಕೇಂದ್ರ ಸರ್ಕಾರವೇ ಕಟ್ಟುವ ‘ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್’ ಯೋಜನೆ 2025ರ ಜನವರಿಯಿಂದ ಜಾರಿಯಲ್ಲಿದೆ: ಮೂರು ವರ್ಷಕ್ಕೆ ₹6,000 ಕೋಟಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6,300 ಸಂಸ್ಥೆಗಳು. ಇದನ್ನು ನಡೆಸುವುದು ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವಾದ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ. ಸರ್ಕಾರಿ ಪದವಿ ಕಾಲೇಜಿನವರು ಲೈಬ್ರರಿಯನ್ ಬಳಿ ಲಾಗಿನ್ ಕೇಳಿ ಪಡೆಯಬೇಕು. ಖಾಸಗಿ ಕಾಲೇಜಿನವರು ಇದರ ಹೊರಗೆ ಉಳಿದಿದ್ದಾರೆ. ಅವರಿಗೆ ಇರುವ ದಾರಿ ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಉಚಿತ ಪ್ರತಿ ಹುಡುಕುವುದು, ಅಥವಾ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯುವುದು. ಕೇಳಿದರೆ ಬಹುತೇಕರು ಸಂತೋಷದಿಂದಲೇ ಕಳಿಸುತ್ತಾರೆ.

‘ನನ್ನ ವಿಧಾನ ಫಲಿಸಿತು’ ಎಂಬುದು ಯಾಕೆ ಸಾಲದು

ತಿರಸ್ಕೃತವಾಗುವ ಲೇಖನಗಳಲ್ಲಿ ತೀರಾ ಸಾಮಾನ್ಯವಾದ ಮಾದರಿ ಹೀಗಿರುತ್ತದೆ: ಒಂದು ತರಗತಿ, ಒಂದು ಹೊಸ ವಿಧಾನ, ಮೊದಲು ಒಂದು ಟೆಸ್ಟ್, ಕೊನೆಗೊಂದು ಟೆಸ್ಟ್, ಅಂಕ ಏರಿದೆ, ಆದ್ದರಿಂದ ವಿಧಾನ ಯಶಸ್ವಿ. ಜೊತೆಗೆ ‘ಶೇ 92 ವಿದ್ಯಾರ್ಥಿಗಳಿಗೆ ಇಷ್ಟವಾಯಿತು’ ಎಂಬ ಪೈ ಚಾರ್ಟ್. ಪರಿಶೀಲಕರು ಮೊದಲು ಕೇಳುವುದು, ಒಂದು ಸೆಮಿಸ್ಟರ್ ಓದಿದ ಮೇಲೆ ಅಂಕ ಏರದೆ ಇರುತ್ತದೆಯೇ ಎಂದು. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಏರಿಕೆ ಯಾವುದರಿಂದ ಬಂತು ಎಂದು ಹೇಳುವಂತಿಲ್ಲ.

ಇನ್ನೊಂದು ಬಲೆ ಇದಕ್ಕಿಂತ ಸೂಕ್ಷ್ಮ. ಮೊದಲ ಇಂಟರ್ನಲ್ಸ್‌ನಲ್ಲಿ ತೀರ ಕಡಿಮೆ ಅಂಕ ಪಡೆದ 20 ಮಂದಿಯನ್ನು ಆರಿಸಿ ವಿಶೇಷ ತರಗತಿ ನಡೆಸಿದಿರಿ ಎನ್ನೋಣ. ಎರಡನೆಯ ಇಂಟರ್ನಲ್ಸ್‌ನಲ್ಲಿ ಅವರ ಸರಾಸರಿ ಏರಿತು. ವಿಶೇಷ ತರಗತಿ ನಡೆಸದಿದ್ದರೂ ಸ್ವಲ್ಪ ಏರುತ್ತಿತ್ತು. ಯಾಕೆಂದರೆ ಆ ಇಪ್ಪತ್ತರಲ್ಲಿ ಕೆಲವರು ನಿಜಕ್ಕೂ ಹಿಂದುಳಿದವರು, ಉಳಿದವರು ಅಂದು ಜ್ವರ ಬಂದವರು, ಬಸ್ ತಪ್ಪಿ ತಡವಾಗಿ ಬಂದವರು, ಓದದ ಪಾಠದಿಂದಲೇ ಪ್ರಶ್ನೆ ಬಿದ್ದವರು. ಎರಡನೆಯ ಸಲ ಅದೇ ದುರದೃಷ್ಟ ಅವರಿಗೇ ಮರಳಿ ಬರುವುದು ಅಪರೂಪ. ಕೊನೆಯ ಸಾಲಿನವರನ್ನು ಆರಿಸಿ ಅಳೆದ ಯಾವ ಅಧ್ಯಯನದಲ್ಲೂ ಈ ತೋರಿಕೆಯ ಏರಿಕೆ ಇದ್ದೇ ಇರುತ್ತದೆ. ಪರಿಹಾರವೆಂದರೆ ಅಷ್ಟೇ ಅಂಕ ಪಡೆದ, ವಿಶೇಷ ತರಗತಿ ಇಲ್ಲದ ಇನ್ನೊಂದು ಸೆಕ್ಷನ್ನಿನ ವಿದ್ಯಾರ್ಥಿಗಳೊಂದಿಗೆ ಹೋಲಿಸುವುದು.

ಅಂಕದ ಏರಿಕೆಯನ್ನು ಅಳೆಯುವುದರಲ್ಲೂ ಒಂದು ಸಂಗತಿ ಇದೆ. ಒಂದು ಸೆಕ್ಷನ್ ಸರಾಸರಿ 40ರಿಂದ 64ಕ್ಕೆ ಏರಿತು, ಇನ್ನೊಂದು 70ರಿಂದ 82ಕ್ಕೆ. ಯಾವುದು ಹೆಚ್ಚು ಕಲಿತಿತು? 24 ಅಂಕ, 12 ಅಂಕ ಎಂದು ನೋಡಿದರೆ ಮೊದಲನೆಯದು. ಆದರೆ ಎರಡನೆಯದಕ್ಕೆ ಏರಲು ಉಳಿದಿದ್ದದ್ದೇ 30. ಆದ್ದರಿಂದ ಏರಿದ ಅಂಕವನ್ನು ಏರಲು ಉಳಿದಿದ್ದ ಅಂಕದಿಂದ ಭಾಗಿಸುತ್ತಾರೆ: 24ನ್ನು 60ರಿಂದ, 12ನ್ನು 30ರಿಂದ. ಎರಡೂ 0.4. ಅಮೆರಿಕದ ಭೌತಶಾಸ್ತ್ರಜ್ಞ ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು ಹೀಗೇ ಲೆಕ್ಕ ಹಾಕಿದರು. ಬರೀ ಉಪನ್ಯಾಸದ ಕೋರ್ಸುಗಳಲ್ಲಿ ಸರಾಸರಿ 0.23, ವಿದ್ಯಾರ್ಥಿಗಳನ್ನು ಚರ್ಚೆಗೆ ಎಳೆದ ಕೋರ್ಸುಗಳಲ್ಲಿ 0.48 ಬಂತು. 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಉಪನ್ಯಾಸದ ತರಗತಿಗಳಲ್ಲಿ ಫೇಲಾದವರು ಶೇ 33.8, ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಶೇ 21.8.

ಅಂದರೆ ಗುಂಪು ಚರ್ಚೆ ಉಪನ್ಯಾಸಕ್ಕಿಂತ ಮೇಲು ಎಂಬುದು ಇನ್ನು ಸುದ್ದಿಯಲ್ಲ. ಅದನ್ನೇ ಮತ್ತೊಂದು ಕಾಲೇಜಿನಲ್ಲಿ ಕಂಡೆವು ಎಂದರೆ ಸಂಪಾದಕರಿಗೆ ಕುತೂಹಲ ಹುಟ್ಟುವುದಿಲ್ಲ. ಯಾರಿಗೆ, ಯಾವ ಸ್ಥಿತಿಯಲ್ಲಿ, ಯಾಕೆ ಫಲಿಸುವುದಿಲ್ಲ ಎಂಬುದೇ ಈಗ ಬೇಕಾದ ಪ್ರಶ್ನೆ. ಇಲ್ಲಿ ನಮ್ಮ ತರಗತಿಗಳಲ್ಲಿ ಬೇಕಾದಷ್ಟು ಸಾಮಗ್ರಿ ಇದೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಿಎಸ್ಸಿಗೆ ಬಂದ ವಿದ್ಯಾರ್ಥಿನಿ ಇಂಗ್ಲಿಷಿನಲ್ಲಿ ನಡೆಯುವ ಗುಂಪು ಚರ್ಚೆಯಲ್ಲಿ ಬಾಯಿ ಬಿಡುವುದಿಲ್ಲ. ಅದೇ ಚರ್ಚೆ ಕನ್ನಡದಲ್ಲಿ ನಡೆದು ಉತ್ತರವನ್ನಷ್ಟೇ ಇಂಗ್ಲಿಷಿನಲ್ಲಿ ಬರೆಸಿದರೆ ಏನಾಗುತ್ತದೆ? 80 ಮಂದಿಯ ತರಗತಿಯಲ್ಲಿ, ಕದಲಿಸಲಾಗದ ಉದ್ದ ಬೆಂಚುಗಳ ನಡುವೆ, ವಿದೇಶದ 25 ಮಂದಿಗೆಂದು ರೂಪಿಸಿದ ವಿಧಾನ ಎಲ್ಲಿ ಮುರಿದುಬೀಳುತ್ತದೆ? ಇಂತಹ ಪ್ರಶ್ನೆ ಮೈಸೂರಿನಷ್ಟೇ ನೈರೋಬಿಯ ಅಧ್ಯಾಪಕರಿಗೂ ಉಪಯೋಗಕ್ಕೆ ಬರುತ್ತದೆ. ನಮ್ಮ ಸನ್ನಿವೇಶವನ್ನು ಕೊರತೆಯೆಂದು ಮುಚ್ಚಿಡುವವರೇ ಹೆಚ್ಚು, ಅದನ್ನೇ ಪ್ರಶ್ನೆಯಾಗಿಸುವವರು ಕಡಿಮೆ.

ಅಂಕವೇ ಬೇಕೆಂದೇನೂ ಇಲ್ಲ. 12ರಿಂದ 15 ವಿದ್ಯಾರ್ಥಿಗಳ ಆಳವಾದ ಸಂದರ್ಶನ, ಅದರ ಸಾಲುಸಾಲಿಗೂ ಗುರುತುಪದ ಕೊಟ್ಟು ವಿಷಯಗಳನ್ನು ಹೆಕ್ಕುವ ವಿಧಾನವೂ ಒಪ್ಪಿತ. ಕನ್ನಡದಲ್ಲಿ ಸಂದರ್ಶನ ಮಾಡಿದ್ದರೆ ಹಾಗೆಂದು ಬರೆಯಿರಿ, ಅನುವಾದ ಯಾರು ಮಾಡಿದರು, ಹೇಗೆ ತಾಳೆ ನೋಡಿದಿರಿ ಎಂದೂ ಬರೆಯಿರಿ. ಅದನ್ನು ಬಿಟ್ಟರೆ ಪರಿಶೀಲಕರು ಕೇಳಿಯೇ ಕೇಳುತ್ತಾರೆ.

ಸೆಮಿಸ್ಟರ್ ಮುಗಿದ ಮೇಲೆ ಸಿಗದ ಒಂದು ಕಾಗದ

ನೈತಿಕ ಸಮಿತಿಯ ಅನುಮತಿ ಇಲ್ಲದ ಲೇಖನವನ್ನು ಒಳ್ಳೆಯ ಜರ್ನಲ್ ಮುಟ್ಟುವುದಿಲ್ಲ. ಅದನ್ನು ದತ್ತಾಂಶ ಸಂಗ್ರಹಿಸುವ ಮೊದಲೇ ಪಡೆಯಬೇಕು. ಹಿಂದಿನ ದಿನಾಂಕ ಹಾಕಿ ಕೊಡುವಂತಿಲ್ಲ. ಎಷ್ಟೋ ಒಳ್ಳೆಯ ಕೆಲಸ ಇಲ್ಲೇ ಸತ್ತುಹೋಗುತ್ತದೆ. ನಿಮ್ಮ ಕಾಲೇಜಿನಲ್ಲಿ ಸಮಿತಿ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಸಮಿತಿಗೆ ಅರ್ಜಿ ಹಾಕಿ, ಅಥವಾ ಪ್ರಾಂಶುಪಾಲರ ಮೂಲಕ ಸಮಿತಿ ರಚಿಸಲು ಕೇಳಿ. ಸೆಮಿಸ್ಟರ್ ಆರಂಭಕ್ಕೆ ಎರಡು ತಿಂಗಳ ಮುಂಚೆಯಾದರೂ ಕೆಲಸ ಶುರುವಾಗಬೇಕು.

ಇದು ಬರೀ ಕಾಗದದ ಶಾಸ್ತ್ರವಲ್ಲ. ಇಂಟರ್ನಲ್ಸ್ ಅಂಕ ಕೊಡುವವರೇ ‘ಅಧ್ಯಯನದಲ್ಲಿ ಭಾಗವಹಿಸುತ್ತೀರಾ’ ಎಂದು ಕೇಳಿದರೆ ಯಾವ ವಿದ್ಯಾರ್ಥಿ ಬೇಡ ಎನ್ನುತ್ತಾನೆ? ಹಾಗಾಗಿ ಒಪ್ಪಿಗೆಯ ಫಾರಂ ಕನ್ನಡದಲ್ಲೂ ಇರಬೇಕು, ಅದನ್ನು ಪಾಠ ಮಾಡದ ಸಹೋದ್ಯೋಗಿಯೊಬ್ಬರು ಪಡೆದು ಮುಚ್ಚಿದ ಲಕೋಟೆಯಲ್ಲಿಟ್ಟು, ಫಲಿತಾಂಶ ಪ್ರಕಟವಾದ ಮೇಲಷ್ಟೇ ನಿಮಗೆ ಕೊಡಬೇಕು. ಹೀಗೆ ಮಾಡಿದ್ದನ್ನು ಲೇಖನದಲ್ಲಿ ಎರಡು ವಾಕ್ಯದಲ್ಲಿ ಬರೆದರೆ ಪರಿಶೀಲಕರ ಅರ್ಧ ಅನುಮಾನ ಕಳೆಯುತ್ತದೆ.

ನಕಲಿಯನ್ನು ಗುರುತಿಸುವುದು

ಈಗ ಆ ‘ಬೇರೆ ಹೆಸರು’ಗಳ ವಿಚಾರ. ಅಧ್ಯಾಪಕರ ಬಡ್ತಿಗೆ ಅಂಕ ಗೊತ್ತುಮಾಡಿದ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಲ್ಲಿ ಶಿಕ್ಷಣ, ಕಲೆ, ವಾಣಿಜ್ಯ ವಿಭಾಗದವರಿಗೆ ಒಂದು ಲೇಖನಕ್ಕೆ 10 ಅಂಕ, ವಿಜ್ಞಾನ ವಿಭಾಗದವರಿಗೆ 8. ಜರ್ನಲ್ಲಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ (ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬಂದಿದೆ ಎಂಬ ಅಳತೆ) ಇದ್ದರೆ ಅದರ ಮೇಲೆ ಹೆಚ್ಚುವರಿ: 1ಕ್ಕಿಂತ ಕಡಿಮೆ ಇದ್ದರೆ 10, ಒಂದರಿಂದ ಎರಡರೊಳಗೆ 15, ಎರಡರಿಂದ ಐದರೊಳಗೆ 20, ಹೀಗೆ. ಇಬ್ಬರು ಸೇರಿ ಬರೆದರೆ ತಲಾ ಶೇ 70. ಅಂಕಕ್ಕೆ ಇಷ್ಟು ಬೆಲೆ ಬಂದ ಮೇಲೆ ಅದನ್ನು ಮಾರುವ ಅಂಗಡಿಗಳು ತೆರೆಯುವುದು ತಡವಾಗಲಿಲ್ಲ. ಕೆಲವು ಸಾವಿರ ರೂಪಾಯಿ ಕೊಟ್ಟರೆ ಮೂರು ದಿನದಲ್ಲಿ ಪ್ರಕಟಣೆ, ಜೊತೆಗೆ ಬಣ್ಣದ ಸರ್ಟಿಫಿಕೇಟ್. ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆದುಹಾಕಿತು, ಮರುವರ್ಷ ಒಪ್ಪಿತ ಜರ್ನಲ್‌ಗಳ ‘ಕೇರ್’ ಪಟ್ಟಿ ತಂದಿತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿ ಮಾನದಂಡಗಳನ್ನಷ್ಟೇ ಸೂಚಿಸಿತು. ಇನ್ನು ಪಟ್ಟಿ ನೋಡಿ ನಿಶ್ಚಿಂತರಾಗುವಂತಿಲ್ಲ, ಜರ್ನಲ್ ತೂಗಿ ನೋಡುವ ಹೊಣೆ ಅಧ್ಯಾಪಕರ ಮತ್ತು ಸಂಸ್ಥೆಯ ಮೇಲೆ ಬಂದಿದೆ.

ನಕಲಿಗಳು ಮೊದಲು ತೋರಿಸುವುದು ಪ್ರತಿ ಜರ್ನಲ್ಲಿಗೂ ಸಿಗುವ ಗುರುತಿನ ಸಂಖ್ಯೆಯಾದ ಐಎಸ್ಎಸ್ಎನ್ ಅನ್ನು. ಅದು ಗುಣಮಟ್ಟದ ಮುದ್ರೆ ಅಲ್ಲವೇ ಅಲ್ಲ; ವಾಹನದ ನೋಂದಣಿ ಸಂಖ್ಯೆಯಂತೆ, ಚಾಲಕ ಹೇಗೆ ಓಡಿಸುತ್ತಾನೆಂದು ಅದರಿಂದ ತಿಳಿಯುವುದಿಲ್ಲ. ಎಂಟು ಅಂಕಿಗಳಲ್ಲಿ ಕೊನೆಯದು ಮಾತ್ರ ತಾಳೆ ನೋಡುವ ಅಂಕಿ. ‘ಹೈಯರ್ ಎಜುಕೇಶನ್’ ಜರ್ನಲ್ಲಿನ ಸಂಖ್ಯೆ 0018-1560. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿಸಿದರೆ 77 ಬರುತ್ತದೆ. 11ರಿಂದ ಭಾಗಿಸಿದಾಗ ಶೇಷ ಸೊನ್ನೆ, ಹಾಗಾಗಿ ಕೊನೆಯ ಅಂಕಿಯೂ ಸೊನ್ನೆ. ಶೇಷ ಉಳಿದರೆ ಅದನ್ನು 11ರಿಂದ ಕಳೆಯಬೇಕು. 10 ಬಂದರೆ ಎಕ್ಸ್ ಅಕ್ಷರ ಹಾಕುತ್ತಾರೆ. ಸಂಖ್ಯೆಯನ್ನೇ ಕಲ್ಪಿಸಿಕೊಂಡ ಸೋಮಾರಿಗಳು ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ. ಜಾಣರು ಹಾಗಲ್ಲ, ಅಸಲಿ ಜರ್ನಲ್ಲಿನ ಹೆಸರು, ಸಂಖ್ಯೆ ಎರಡನ್ನೂ ಕದ್ದು ನಕಲಿ ವೆಬ್‌ಸೈಟ್ ಕಟ್ಟುತ್ತಾರೆ. ಅದಕ್ಕೆ ಮದ್ದು, ಐಎಸ್ಎಸ್ಎನ್ ಪೋರ್ಟಲ್ಲಿನಲ್ಲೋ ಲೇಖನ, ಉಲ್ಲೇಖಗಳ ದತ್ತಸಂಚಯವಾದ ಸ್ಕೋಪಸ್‌ನ ಉಚಿತ ಮೂಲಪಟ್ಟಿಯಲ್ಲೋ ಸಂಖ್ಯೆ ಹುಡುಕಿ, ಪ್ರಕಾಶಕರ ಹೆಸರು ತಾಳೆ ನೋಡಿ, ಪ್ರಕಾಶಕರ ಮುಖ್ಯ ತಾಣದ ಮೂಲಕವೇ ಜರ್ನಲ್ಲಿನ ಪುಟಕ್ಕೆ ಹೋಗುವುದು. ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ.

ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲಾರಿವೇಟ್ ಸಂಸ್ಥೆ ಒಂದೇ. 2024ರ ಅಂಕವೆಂದರೆ, 2022 ಮತ್ತು 2023ರಲ್ಲಿ ಜರ್ನಲ್ ಪ್ರಕಟಿಸಿದ್ದಕ್ಕೆ 2024ರಲ್ಲಿ ಬಂದ ಉಲ್ಲೇಖಗಳನ್ನು ಆ ಎರಡು ವರ್ಷದ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು. 120 ಲೇಖನ, 480 ಉಲ್ಲೇಖ ಎಂದರೆ 4.0. ‘ಗ್ಲೋಬಲ್’, ‘ಸೈಂಟಿಫಿಕ್’ ಎಂದೆಲ್ಲ ವಿಶೇಷಣ ಸೇರಿಸಿಕೊಂಡ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳು ಬೇರೆಯವರ ಸರಕು. 2023ರಿಂದ ಅಸಲಿ ಅಂಕವನ್ನು ಒಂದೇ ದಶಮಾಂಶಕ್ಕೆ ಕೊಡುತ್ತಾರೆ, ಆದ್ದರಿಂದ ಈಚಿನ ವರ್ಷದ್ದೆಂದು ‘7.429’ ಎಂದು ಮೆರೆಸುವ ಜರ್ನಲ್ ಕಂಡರೆ ಎಚ್ಚರವಾಗಿ.

ಇನ್ನೂ ಸುಲಭದ ಪರೀಕ್ಷೆ ಇದೆ: ಇತ್ತೀಚಿನ ಒಂದು ಸಂಚಿಕೆ ತೆರೆದು ನೋಡಿ. ಆಯುರ್ವೇದ, ಕಾಂಕ್ರೀಟ್, ಮಹಿಳಾ ಸಬಲೀಕರಣ, ಬ್ಲಾಕ್‌ಚೈನ್ ಎಲ್ಲವೂ ಒಂದೇ ಸಂಚಿಕೆಯಲ್ಲಿದ್ದರೆ ಅಲ್ಲಿ ಯಾರೂ ಏನನ್ನೂ ಪರಿಶೀಲಿಸುತ್ತಿಲ್ಲ.

ಕಳಿಸಿದ ಮೇಲೆ

ಈ ಕ್ಷೇತ್ರದ ಲೇಖನ ಸಾಮಾನ್ಯವಾಗಿ 6,000ದಿಂದ 8,000 ಪದಗಳದು. ಬರೆದವರು ಯಾರೆಂದು ಪರಿಶೀಲಕರಿಗೆ ತಿಳಿಯದಿರಲು ಎರಡು ಫೈಲ್ ಬೇಕು: ಹೆಸರು, ವಿಳಾಸವಿರುವ ಮೊದಲ ಪುಟ ಬೇರೆ, ಹೆಸರಿಲ್ಲದ ಲೇಖನ ಬೇರೆ. ಕಾಲೇಜಿನ ಹೆಸರು ಲೇಖನದ ಒಳಗೆ ಉಳಿದಿರುತ್ತದೆ, ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲೂ ಇರುತ್ತದೆ, ಎರಡನ್ನೂ ಅಳಿಸಿ. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮದಲ್ಲಿ ಬೇರೆ ಬರಹದೊಂದಿಗಿನ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ, ಆದರೆ ಜರ್ನಲ್‌ಗಳು ಆ ಗೆರೆಗೆ ಕಟ್ಟುಬಿದ್ದಿಲ್ಲ. ಉಲ್ಲೇಖಪಟ್ಟಿಯಲ್ಲಿ ಶೇ 15 ಹೊಂದಿದರೂ ಪರವಾಗಿಲ್ಲ, ಚರ್ಚೆಯ ಭಾಗದಲ್ಲಿ ಒಂದು ಪ್ಯಾರಾ ಹೊಂದಿದರೆ ಕಥೆ ಮುಗಿಯಿತು.

ಡೆಸ್ಕ್ ದಾಟಿದರೆ ಇಬ್ಬರು ಅಥವಾ ಮೂವರು ಪರಿಶೀಲಕರಿಗೆ ಹೋಗುತ್ತದೆ. ಅವರಿಗೆ ಸಂಬಳವಿಲ್ಲ, ಅವರೂ ನಿಮ್ಮಂತೆ ಉತ್ತರಪತ್ರಿಕೆ ತಿದ್ದುವವರೇ. ಹಾಗಾಗಿ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ‘ಮೇಜರ್ ರಿವಿಷನ್’ (ದೊಡ್ಡ ತಿದ್ದುಪಡಿ ಬೇಕು) ಎಂದು ಬಂದರೆ ಎದೆಗುಂದಬೇಡಿ, ಅದು ಒಳ್ಳೆಯ ಸುದ್ದಿ. ಪ್ರತಿ ಟೀಕೆಯನ್ನೂ ಒಂದು ಕೋಷ್ಟಕದಲ್ಲಿ ಇಳಿಸಿ, ಎದುರಿಗೆ ಏನು ಬದಲಿಸಿದಿರಿ, ಯಾವ ಪುಟ, ಯಾವ ಸಾಲು ಎಂದು ಬರೆಯಿರಿ. ಒಪ್ಪದ ಟೀಕೆಗೆ ಕಾರಣ ಕೊಟ್ಟು ವಿನಯದಿಂದಲೇ ಇಲ್ಲ ಎನ್ನಬಹುದು. ಇಬ್ಬರು ಪರಿಶೀಲಕರು ಒಬ್ಬರಿಗೊಬ್ಬರು ವಿರುದ್ಧ ಹೇಳಿದ್ದರೆ ಯಾರ ಮಾತು ಹಿಡಿದಿರಿ ಎಂದು ಸಂಪಾದಕರಿಗೆ ಪತ್ರದಲ್ಲೇ ತಿಳಿಸಿ. ಒಂದೇ ಲೇಖನವನ್ನು ಒಟ್ಟೊಟ್ಟಿಗೆ ಎರಡು ಜರ್ನಲ್ಲಿಗೆ ಕಳಿಸುವಂತಿಲ್ಲ.

ಒಪ್ಪಿಗೆಯಾದ ಮೇಲೆ ಒಂದು ಪರದೆ ತೆರೆದುಕೊಂಡು ‘ಓಪನ್ ಆ್ಯಕ್ಸೆಸ್’ (ಎಲ್ಲರೂ ಉಚಿತವಾಗಿ ಓದುವ ವ್ಯವಸ್ಥೆ) ಬೇಕೇ ಎಂದು ಕೇಳುತ್ತದೆ. ಗಾಬರಿಯಲ್ಲಿ ಒತ್ತಿದರೆ ಸಾವಿರಾರು ಡಾಲರಿನ ಬಿಲ್ ಬಂದೀತು. ಟೇಲರ್ ಅಂಡ್ ಫ್ರಾನ್ಸಿಸ್, ಸೇಜ್, ಸ್ಪ್ರಿಂಗರ್ ತರುವ ಈ ಕ್ಷೇತ್ರದ ಬಹುತೇಕ ಜರ್ನಲ್‌ಗಳಲ್ಲಿ ಚಂದಾ ಮಾದರಿ ಆರಿಸಿದರೆ ಲೇಖಕರು ಒಂದು ಪೈಸೆಯನ್ನೂ ಕೊಡಬೇಕಿಲ್ಲ.

ಹೆಸರಿನದೊಂದು ಸಣ್ಣ ತೊಡಕು ನಮ್ಮ ಕಡೆಯವರಿಗೇ ವಿಶೇಷ. ಫಾರಂ ಕೇಳುವುದು ಮೊದಲ ಹೆಸರು, ಕುಲನಾಮ. ನಮ್ಮಲ್ಲಿರುವುದು ಊರಿನದೋ ತಂದೆಯದೋ ಇನಿಷಿಯಲ್. ಒಮ್ಮೆ ಇನಿಷಿಯಲ್ಲನ್ನು ಕುಲನಾಮವಾಗಿ, ಮತ್ತೊಮ್ಮೆ ಬಿಡಿಸಿ ಬರೆದರೆ ಸ್ಕೋಪಸ್‌ನಲ್ಲಿ ನೀವು ಇಬ್ಬರಾಗುತ್ತೀರಿ, ಉಲ್ಲೇಖಗಳು ಹಂಚಿಹೋಗುತ್ತವೆ. ಮೊದಲ ಲೇಖನಕ್ಕೆ ಮುಂಚೆಯೇ ಒಂದು ರೂಪ ನಿಶ್ಚಯಿಸಿ, ಉಚಿತವಾಗಿ ಸಿಗುವ 16 ಅಂಕಿಯ ಆರ್ಕಿಡ್ ಎಂಬ ಲೇಖಕರ ಗುರುತಿನ ಸಂಖ್ಯೆ ಮಾಡಿಸಿಕೊಂಡು ಎಲ್ಲ ಕಡೆ ಅದನ್ನೇ ಕೊಡಿ. ಪ್ರೂಫ್ ನೋಡಲು ಎರಡು–ಮೂರು ದಿನವಷ್ಟೇ ಸಿಗುತ್ತದೆ. ಅದರಲ್ಲಿ ಹೆಸರು, ಕೋಷ್ಟಕದ ಅಂಕಿ, ಕಾಲೇಜಿನ ವಿಳಾಸ ಇಷ್ಟನ್ನಾದರೂ ಎರಡು ಸಲ ನೋಡಿ. ಅಚ್ಚಾದ ಪಿಡಿಎಫ್ ಪ್ರಕಾಶಕರ ಸೊತ್ತು, ಕಾಲೇಜಿನ ವೆಬ್‌ಸೈಟಿಗೆ ಅದನ್ನು ಏರಿಸುವಂತಿಲ್ಲ; ಪರಿಶೀಲನೆಯ ನಂತರ ಒಪ್ಪಿಗೆಯಾದ ನಿಮ್ಮ ವರ್ಡ್ ಪ್ರತಿಯನ್ನು, ಜರ್ನಲ್ ಹೇಳಿದ ಅವಧಿ ಕಳೆದ ಮೇಲೆ, ಹೆಚ್ಚಿನ ಕಡೆ ಏರಿಸಬಹುದು.